ಮಂಗಟ್ಟೆಯ ಮರ ಮತ್ತು ನಾಲ್ಕೂರಿನ ರಿಂಗ್

ವೆಬ್‌ರಿಂಗ್ ಅಂದರೆ ಏನೆಂದು ಹೇಳಹೋದರೆ ಈಗಿನ ಹುಡುಗರು ನಗುತ್ತಾರೆ. ನಗಲಿ, ನನಗೇನು. ಎರಡು ಸಾವಿರದ ಆಚೀಚೆ, ನೆಟ್‌ನಲ್ಲಿ ಹುಡುಕುವುದು ಇಷ್ಟು ಸಲೀಸಾಗಿಲ್ಲದ ಕಾಲದಲ್ಲಿ, ನಮ್ಮಂಥವರ ಪುಟಕ್ಕೆ ಜನ ಬರಬೇಕೆಂದರೆ ಇನ್ನೊಬ್ಬರ ಪುಟದಿಂದಲೇ ದಾರಿ ಇರಬೇಕಿತ್ತು. ಪ್ರತಿಯೊಬ್ಬರ ಪುಟದ ಕೆಳಗೆ ‘ಹಿಂದಿನವರು’, ‘ಮುಂದಿನವರು’ ಎಂದು ಎರಡು ಕೊಂಡಿ. ಒತ್ತುತ್ತ ಹೋದರೆ ಎಲ್ಲರಲ್ಲಿಗೂ ಸುತ್ತಿ ಹೊರಟಲ್ಲಿಗೇ ಬರಬೇಕು. ನಮ್ಮದು ನಾಲ್ಕೂರಿನ ರಿಂಗ್. ದಾಂಡೇಲಿಯಲ್ಲಿ ಟೀಚರಾಗಿದ್ದ ನಾನು ಮಂಗಟ್ಟೆ ಹಕ್ಕಿಯ ಬಗ್ಗೆ ಬರೆಯುತ್ತಿದ್ದೆ. ನನ್ನಿಂದ ಮುಂದೆ ಮುಂಡಗೋಡದ ಗೆಳತಿಯ ರಂಗೋಲಿ, ಅಲ್ಲಿಂದ ಹಳಿಯಾಳದ ಕಂಪ್ಯೂಟರ್ ಕ್ಲಾಸಿನವನ ಕುಸ್ತಿ, ಆಮೇಲೆ ಜೋಯಿಡಾದ ಮಾಸ್ತರರ ಗೆಡ್ಡೆಗೆಣಸು. ಕನ್ನಡ ಅಕ್ಷರ ಪರದೆಯ ಮೇಲೆ ಬರೀ ಚೌಕಗಳಾಗಿ ಮೂಡುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಂಡೆವು.

ಪುಟ ಏರಿಸುವಷ್ಟು ಗಟ್ಟಿ ಲೈನು ಇದ್ದದ್ದು ಹಳಿಯಾಳದವನ ಕ್ಲಾಸಿನಲ್ಲಿ ಮಾತ್ರ. ಉಳಿದವರು ಬರೆದದ್ದನ್ನು ಫ್ಲಾಪಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆವು. ನಮ್ಮ ಕಡೆ ಔಷಧ, ಲಗ್ನಪತ್ರಿಕೆ, ಮರೆತುಬಂದ ಕನ್ನಡಕ ಎಲ್ಲ ಹೋಗುವುದು ಹಾಗೇ. ಹಳಿಯಾಳದವನು ಬಸ್‌ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಿದ್ದ. ಅದಕ್ಕೆಂದೇ ನಮ್ಮ ಪುಟಗಳ ಪಾಸ್‌ವರ್ಡನ್ನೂ ಅವನಿಗೇ ಕೊಟ್ಟಿದ್ದೆವು, ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಕೀಲಿಕೈ ಕೊಟ್ಟು ಹೋದ ಹಾಗೆ. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ನಮ್ಮೂರ ಹತ್ತಿರದ ಕೋಗಿಲಬನದ ಆಚೆ ಒಂದು ಹಳೇ ಮರದ ಪೊಟರೆಯಲ್ಲಿ ಪ್ರತಿ ಬೇಸಿಗೆ ಮಂಗಟ್ಟೆ ಗೂಡು ಮಾಡುತ್ತಿತ್ತು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿಗೆ ಮಣ್ಣು, ಹಿಕ್ಕೆ ಮೆತ್ತಿ ಮುಚ್ಚಿಕೊಂಡರೆ ಮರಿ ದೊಡ್ಡದಾಗುವ ತನಕ ಹೊರಗೆ ಬರುವುದಿಲ್ಲ. ಉಳಿದ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸಬೇಕು. ಅದು ಬೆದರಿ ಬಾರದಿದ್ದರೆ ಒಳಗಿದ್ದವು ಉಪವಾಸ ಸಾಯುತ್ತವೆ. ಹಾಗಾಗಿ ಫೋಟೋ ಹಾಕಿದ್ದೆ, ದಾರಿ ಹಾಕಿರಲಿಲ್ಲ. ಮರ ತೋರಿಸಿದ್ದು ರಿಂಗಿನ ಮೂವರಿಗೆ ಮಾತ್ರ. ಯಾರಿಗೂ ಹೇಳಬೇಡಿ ಅಂದಾಗ ಮೂವರೂ ಹೂಂ ಅಂದಿದ್ದರು.

ಒಂದು ಮಾರ್ಚಿನ ಬೆಳಿಗ್ಗೆ ಹೋದರೆ ಮರದ ಬುಡದಲ್ಲಿ ಜೀಪು. ಹಕ್ಕಿ ಹೊರಗೆ ಬರಲೆಂದು ಯಾರೋ ಕಾಂಡಕ್ಕೆ ಕಲ್ಲಿನಿಂದ ಬಡಿಯುತ್ತಿದ್ದರು. ಗಂಡು ದೂರದ ಕೊಂಬೆಯಲ್ಲಿ ಕೂತಿತ್ತು, ಇಳಿಯಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಒಬ್ಬ ನಗುತ್ತ, ಯಾರೋ ಟೀಚರು ಇಂಟರ್‌ನೆಟ್ಟಿನಲ್ಲಿ ದಾರಿ ಬರೆದಿದ್ದಾರೆ, ಅದನ್ನು ನೋಡಿಯೇ ಬಂದೆವು ಅಂದ. ಹೇಳಿದ ಹೆಸರು ನನ್ನದೇ.

ಪುಟ ನೋಡುವಷ್ಟಕ್ಕೆ ನಮ್ಮೂರ ಸೈಬರ್ ಕೆಫೆಯ ಲೈನು ಸಾಕಿತ್ತು, ಅಲ್ಲಿಗೆ ಓಡಿದೆ. ನನ್ನ ಪುಟ, ನನ್ನ ಫೋಟೋ. ಕೆಳಗೆ ಸೇತುವೆ ದಾಟಿ ಎಲ್ಲಿ ಎಡಕ್ಕೆ ತಿರುಗಬೇಕು ಅನ್ನುವುದೆಲ್ಲ ಬಿಡಿಸಿ ಬರೆದಿತ್ತು. ಜೊತೆಗೆ ಹಳಿಯಾಳದವನ ಅಣ್ಣನ ಬಾಡಿಗೆ ಜೀಪಿನ ಫೋನ್ ನಂಬರು. ಹಳಿಯಾಳದವನಿಗೇ ಫೋನು ಹಚ್ಚಿ ಕೇಳಿದರೆ ನಾಚಿಕೆಯಾದರೂ ಬೇಡವೇ?

"ನಾಕ ಮಂದಿ ನೋಡ್ಲಿ ಅಂತನ ಅಲ್ಲೇನ್ರಿ ಅಕ್ಕೋರ, ಪೇಜ್ ಮಾಡಿದ್ದು?" ಅಂದ.

ಅಲ್ಲೇ ಕೂತು ಪುಟ ಅಳಿಸಿಬಿಟ್ಟೆ. ಒಬ್ಬರು ಹೋದರೆ ರಿಂಗ್ ಹರಿದುಹೋಗುತ್ತದೆ, ಜೋಯಿಡಾದಿಂದ ಮುಂದೆ ಒತ್ತಿದವರಿಗೆ ಏನೂ ಸಿಗುವುದಿಲ್ಲ. ಆಗಲಾದರೂ ಯಾಕೆ ಹೀಗಾಯಿತೆಂದು ಯಾರಾದರೂ ಕೇಳಿಯಾರು ಅಂತ ಕಾದೆ. ಯಾರೂ ಕೇಳಲಿಲ್ಲ. ಕೆಲವು ದಿನ ಬಿಟ್ಟು ನಾನೇ ಹೋಗಿ ಒತ್ತಿ ನೋಡಿದರೆ ಜೋಯಿಡಾದಿಂದ ಸೀದಾ ಮುಂಡಗೋಡ. ನಡುವೆ ನಾನೊಬ್ಬಳು ಇದ್ದೆ ಅನ್ನುವ ಗುರುತೇ ಇಲ್ಲ.

ಮುಂಡಗೋಡದ ಬಸ್ಸು ಹತ್ತಿದೆ. ಆ ಗೆಳತಿಯ ಜೊತೆ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದು ಡಿಗ್ರಿ ಮುಗಿಸಿದ್ದೆ. ಅವಳಿಗೆ ಇದೇನೂ ಗೊತ್ತಿರಲಿಕ್ಕಿಲ್ಲ ಅನ್ನುವ ಆಸೆ ಇತ್ತು. ಚಹಾ ಇಡುತ್ತ, ಕೊಂಡಿ ಕೂಡಿಸಲು ಹೇಳಿದ್ದು ತಾನೇ, ಒಬ್ಬರ ಸಿಟ್ಟಿಗೆ ಎಲ್ಲರ ರಿಂಗ್ ಹರಿಯಬಾರದಲ್ಲ ಅಂದಳು. ದಾರಿ ಬರೆದದ್ದನ್ನು ನೋಡಿದ್ದೆಯಾ ಎಂದು ಕೇಳಿದೆ.

"ಯಾವಾಗೋ ನೋಡಿದ್ದೆ. ನೀನ ಹಾಕಿದಿ ಅನ್ಕೊಂಡೆ."

ಮೈಯೆಲ್ಲ ಉರಿದುಹೋಯಿತು. ಜೀಪಿನವರ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಇಷ್ಟು ವರ್ಷ ನನ್ನನ್ನು ಕಂಡವಳಿಗೆ ನಾನು ಅಂಥವಳಲ್ಲ ಅಂತ ಗೊತ್ತಿರಬೇಡವೇ? ಚಹಾ ಮುಟ್ಟದೆ ಎದ್ದು ಬಂದೆ. ಆ ವರ್ಷ ಮರಿ ಹೊರಬರುವ ಕಾಲ ಕಳೆದು ಮಳೆ ಹಿಡಿದರೂ ಪೊಟರೆಯ ಬಾಯಿ ಒಡೆಯಲೇ ಇಲ್ಲ. ಮರದ ಕೆಳಗೆ ನಿಂತು ಅತ್ತೆ.

ಮುಂದೆ ಕೆಲವು ವರ್ಷ ಮರ ಖಾಲಿ. ಅಷ್ಟರಲ್ಲಿ ಜನ ಹೊಸ ತಾಣಗಳಿಗೆ ಹೋಗಿ, ಅಲ್ಲಿ ಸ್ನೇಹಿತರನ್ನು ಕಲೆಹಾಕುವುದರಲ್ಲಿ ಮುಳುಗಿದರು. ನಮ್ಮ ರಿಂಗ್ ತಾನಾಗಿ ಸತ್ತಿತು. ಪೀಡೆ ತೊಲಗಿತು ಅಂದುಕೊಂಡೆ. ಆಮೇಲೊಂದು ಬೇಸಿಗೆ ಇನ್ನೊಂದು ಜೋಡಿ ಮಂಗಟ್ಟೆ ಅದೇ ಪೊಟರೆಗೆ ಬಂತು. ಈ ಸಲ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅದೇ ಬೇಸಿಗೆ ಗೆಳತಿಯ ಫೋನು ಬಂತು. ಹಳೇ ಪುಟಗಳ ಮೇಲೆ ಎಲ್ಲರಿಗೂ ಮತ್ತೆ ಆಸೆ ಹುಟ್ಟಿದೆ, ರಿಂಗ್ ತಿರುಗಿ ಶುರುಮಾಡಿದ್ದೇವೆ, ಸಿಟ್ಟು ಬಿಡು ಅಂದಳು.

"ನೀ ಇಲ್ಲದ ಛಂದ ಕಾಣಂಗಿಲ್ಲ. ನಿನ್ನ ಪೇಜಿನ ಕಾಪಿ ಹಳಿಯಾಳದಾಂವ ತೆಗೆದಿಟ್ಟಿದ್ದ. ಹೆಂಗಿತ್ತೋ ಹಂಗ ಹಾಕೇವಿ, ನೋಡು."

ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ತೆರೆದು ನೋಡಿದೆ. ಫೋಟೋ, ನನ್ನ ಹೆಸರು, ಸೇತುವೆ ದಾಟಿ ಎಡಕ್ಕೆ ತಿರುಗುವ ದಾರಿ, ಎಲ್ಲ ಇದ್ದಲ್ಲೇ ಇತ್ತು. ಅತ್ತ ಹೆಣ್ಣು ಹಕ್ಕಿ ಆಗಷ್ಟೇ ಒಳಗೆ ಸೇರಿ ಪೊಟರೆಯ ಬಾಯಿಗೆ ಮೆತ್ತಿಕೊಂಡಿತ್ತು. ಅಳಿಸೋಣವೆಂದು ನನ್ನ ಹಳೇ ಪಾಸ್‌ವರ್ಡ್ ಹಾಕಿದೆ. ಒಪ್ಪಲಿಲ್ಲ, ಮತ್ತೆ ಹಾಕಿದೆ. ಹೆಸರು ಮಾತ್ರ ನನ್ನದು, ಪುಟ ಹಳಿಯಾಳದವನದಾಗಿತ್ತು.