ನೆಗಡಿಯಾದವರು ಮೆಟ್ಟಿಲು ಹತ್ತಬೇಡಿ

ಬೆಳಕು ಹರಿಯುವ ಹೊತ್ತಿಗೆ ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿರುತ್ತದೆ. ಒಳಗೆ ಸೌದೆಯ ಒಲೆ, ಒಲೆಯ ಮೇಲೆ ಅಡ್ಡಲಾಗಿ ತಿರುಗುವ ಕಬ್ಬಿಣದ ಡ್ರಮ್ಮು. ಡ್ರಮ್ಮಿನ ಪಕ್ಕದಲ್ಲಿ, ಗೋಡೆಯಾಚೆಯ ಮಾತನ್ನು ಕದ್ದು ಕೇಳುವವರ ಹಾಗೆ ತಲೆ ವಾಲಿಸಿಕೊಂಡು, ಬೊಮ್ಮಯ್ಯ ನಿಂತಿದ್ದಾರೆ. ಹೆಗಲ ಮೇಲಿನ ಟವೆಲ್ಲಿಗೆ ಹೊಗೆಯದೇ ಬಣ್ಣ ಬಂದುಬಿಟ್ಟಿದೆ. ಡ್ರಮ್ಮಿನೊಳಗೆ ಕಾಫಿ ಬೀಜ ಗಲಗಲ ಉರುಳುತ್ತಿದೆ.

ಹೊರಗೆ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ತೂಗುತ್ತಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ, ಅಷ್ಟೇನೂ ನೇರವಲ್ಲದ ಅಕ್ಷರಗಳಲ್ಲಿ ಹೀಗೆ ಬರೆದಿದೆ: ‘ನೆಗಡಿಯಾದವರು ಮೆಟ್ಟಿಲು ಹತ್ತಬೇಡಿ. ಪುಡಿ ಕೆಳಗೇ ತಂದು ಕೊಡುತ್ತೇವೆ.’

ಕಾಫಿಪುಡಿ ಅಂಗಡಿಗೆ ಇಂಥ ಹಲಗೆ ಯಾಕೆಂದು ಹೊಸಬರು ನಗುತ್ತಾರೆ. ಹಳಬರು ಮೂಗು ಸುರಿಯುತ್ತಿದ್ದರೆ ತಾವಾಗಿಯೇ ಓಣಿಯಲ್ಲಿ ನಿಂತು, ಕಾಫಿ ಎಷ್ಟು ಪಾಲು ಚಿಕೋರಿ ಎಷ್ಟು ಪಾಲು ಎಂದು ಕೂಗಿ ಹೇಳುತ್ತಾರೆ: “ಎಂಬತ್ತು ಇಪ್ಪತ್ತು, ಅರ್ಧ ಕೆಜಿ!” ಬೊಮ್ಮಯ್ಯ ಒಳಗಿನಿಂದಲೇ, “ಅಲ್ಲೇ ಇರಿ, ಅಲ್ಲೇ ಇರಿ” ಎನ್ನುತ್ತಾರೆ.

ಬೀಜದ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುವಾಗ ಡ್ರಮ್ಮಿನೊಳಗೆ ಚಟ್ ಚಟ್ ಎಂದು ಸಿಡಿಯತೊಡಗುತ್ತದೆ. ಸ್ವಲ್ಪ ಹೊತ್ತು ಸಿಡಿದು ನಿಂತುಹೋಗುತ್ತದೆ. ಆಮೇಲೆ ಒಂದು ಮೌನ ಬರುತ್ತದೆ. ಈ ಮೌನ ಮುಗಿಯುವುದರೊಳಗೆ ಬೀಜ ಇಳಿಸಿದರೆ ಒಳ್ಳೆಯ ಕಾಫಿ. ಅವಸರ ಮಾಡಿದರೆ ಹಸಿ, ತಡ ಮಾಡಿದರೆ ಕಹಿ. ಇಲ್ಲಿ ಬೊಮ್ಮಯ್ಯ ಮಾತಾಡುವುದಿಲ್ಲ, ಬೇರೆಯವರು ಮಾತಾಡಿದರೂ ಕೈ ಎತ್ತಿ ತಡೆಯುತ್ತಾರೆ. ಒಲೆಯಿಂದ ದೂರದ ಮೂಲೆಯಲ್ಲಿ ಮೊರ ಹಿಡಿದು ಕೂತ ತುಂಗಮ್ಮ ಕೆಟ್ಟ ಬೀಜ ಆರಿಸುವ ಕೈಯನ್ನು ನಿಲ್ಲಿಸಿ ಮುಖ ಎತ್ತುತ್ತಾರೆ. ಒಂದು ಸಲ ಉಸಿರು ಎಳೆದುಕೊಳ್ಳುತ್ತಾರೆ. ಮೊರವನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಾರೆ. ಬೊಮ್ಮಯ್ಯ ಡ್ರಮ್ಮಿನ ಬಾಯಿ ತೆರೆಯುತ್ತಾರೆ.

ಓಣಿಯ ತುದಿಯವರೆಗೂ ಹೋಗುವ ಆ ಘಮ, ಅದನ್ನು ಹೊರಗೆ ಬಿಟ್ಟವರ ಮೂಗಿಗೆ ಮಾತ್ರ ಬರುವುದಿಲ್ಲ.

ಬೊಮ್ಮಯ್ಯ ವಸ್ತಾರೆಯ ಕಡೆಯವರು. ಕಾಫಿ ತೋಟದ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿ, ಹರೆಯದಲ್ಲಿ ಪೇಟೆಗೆ ಬಂದು, ಈಗಿನ ಮಾಲೀಕ ಉಮರ್ ಫಾರೂಕ್ ಸಾಹೇಬರ ತಂದೆಯ ಕಾಲದಲ್ಲಿ ಈ ಅಂಗಡಿಗೆ ಸೇರಿದವರು. ಆಗ ಡ್ರಮ್ಮನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಈಗ ಮೋಟಾರಿದೆ. ಸೀಸನ್ನಿನಲ್ಲಿ ದಿನಕ್ಕೆ ನಾಲ್ಕೈದು ಡ್ರಮ್ಮು ಇಳಿಯುತ್ತದೆ, ಮಳೆಗಾಲದಲ್ಲಿ ಎರಡು ಇಳಿದರೆ ಹೆಚ್ಚು. ಒಂಟಿಕಾಳಿನ ಪೀಬರಿ ಯಾವುದು, ರೋಬಸ್ಟಾ ಜಾತಿಯ ಬೀಜ ಎಷ್ಟು ಬೆರೆತಿದೆ ಎಂದು ಕಣ್ಣು ಮುಚ್ಚಿ ಮೂಗಿನಿಂದಲೇ ಹೇಳುತ್ತಿದ್ದರಂತೆ. “ಅಬ್ಬಾಜಾನ್ ಹೇಳ್ತಿದ್ರು, ಅಂಗಡಿ ನಂದಲ್ಲ, ಬೊಮ್ಮಯ್ಯನ ಮೂಗಿಂದು ಅಂತ” ಎಂದು ಉಮರ್ ಫಾರೂಕ್ ನೆನೆಯುತ್ತಾರೆ.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಊರಿಗೆಲ್ಲ ಬಂದ ಶೀತಜ್ವರ ಅವರಿಗೂ ಬಂತು. ವಾರದಲ್ಲಿ ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ಮೂಗು ಸರಾಗವಾಯಿತು. ವಾಸನೆ ಮಾತ್ರ ಮರಳಲಿಲ್ಲ. “ಶೀತ ಇನ್ನೂ ಒಳಗೆ ಕೂತಿದೆ ಅಂದ್ಕೊಂಡೆ. ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡೆ. ಎಣ್ಣೆ ಕಣ್ಣಿಗೆ ಉರಿ ಹತ್ತಿಸ್ತು, ಮೂಗಿಗೆ ಎಂತದೂ ಇಲ್ಲ. ಬಿಸಿನೀರು ಕುದೀತಾ ಇದೆ ಅಷ್ಟೆ.”

ಅವರು ಯಾರಿಗೂ ಹೇಳಲಿಲ್ಲ. ಬಣ್ಣ ನೋಡಿ, ಸದ್ದು ಕೇಳಿ ಹುರಿದರು. ಇಷ್ಟು ವರ್ಷದ ಕೈ, ಹೇಗೋ ನಡೆಯಿತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಡ್ರಮ್ಮಿನ ಮುಂದೆ ನಿಂತಿದ್ದಾಗ ಇದ್ದಕ್ಕಿದ್ದಂತೆ ಮೂಗಿಗೆ ಏನೋ ಬಡಿಯಿತು. ಗೋಣಿಚೀಲ ಸುಟ್ಟ ವಾಸನೆ. ಬೀಜ ಕರಕಲಾಯಿತೆಂದು ಗಾಬರಿಯಿಂದ ಡ್ರಮ್ಮು ತೆರೆದುಬಿಟ್ಟರು. ಬೀಜ ಇನ್ನೂ ಪೇಲವವಾಗಿತ್ತು. ಬಣ್ಣ ಕಡಿಮೆ ಎಂದು ಕಣ್ಣು ಹೇಳುತ್ತಿತ್ತು, ಸುಟ್ಟಿದೆ ಎಂದು ಮೂಗು ಹೇಳುತ್ತಿತ್ತು. ಬೊಮ್ಮಯ್ಯ ಮೂಗನ್ನು ನಂಬಿದರು.

“ಜೀವಮಾನ ಇಡೀ ಅನ್ನ ಹಾಕಿದ್ದು ಮೂಗು. ಕಣ್ಣಿನ ಮಾತು ಕೇಳೋಕಾಗ್ತದಾ? ಮೂಗು ವಾಪಸ್ ಬಂತಲ್ಲ ಅಂತ ಒಳಗೊಳಗೆ ಖುಷಿ ಬೇರೆ.”

ಆ ಖುಷಿಯಲ್ಲಿ ಹುರಿದ ಪುಡಿ ಊರಿಗೆಲ್ಲ ಹೋಯಿತು. ಹುಳಿ, ಹಸಿ, ಒಣಹುಲ್ಲಿನ ರುಚಿ. ಹೋಟೆಲಿನವರು ವಾಪಸು ಕಳಿಸಿದರು. ಬೀಜ ಸಂಸ್ಕರಿಸುವ ಕ್ಯೂರಿಂಗ್ ಕಾರ್ಖಾನೆಯಲ್ಲೇ ಕಳಪೆ ಮಾಲು ಕೊಟ್ಟಿರಬೇಕೆಂದು ಉಮರ್ ಫಾರೂಕ್ ಅಂದುಕೊಂಡರು. ಬೀಜ ಬದಲಾಯಿಸಿದರು. ಪುಡಿ ಬದಲಾಗಲಿಲ್ಲ.

ಕಾರಣ ಕಂಡುಹಿಡಿದವರು ತುಂಗಮ್ಮ. ಅವರ ಬುತ್ತಿಯಲ್ಲಿ ಒಣಮೀನು ಇದ್ದ ದಿನ ಬೊಮ್ಮಯ್ಯ ಅವರನ್ನು ಓಣಿಗೆ ಅಟ್ಟುವುದು ಅಂಗಡಿಯ ಹಳೆಯ ತಮಾಷೆ. ಕಾಫಿಗೆ ಮೀನಿನ ವಾಸನೆ ಹಿಡಿಯುತ್ತದೆ ಎಂಬುದು ಅವರ ವಾದ.

“ಮಳೆಗಾಲದಿಂದ ಒಂದಿನವೂ ಬೈಲಿಲ್ಲ ಇವ್ರು” ಎಂದು ತುಂಗಮ್ಮ ಮೊರದಿಂದ ಕಣ್ಣೆತ್ತದೆ ಹೇಳುತ್ತಾರೆ. “ವಯಸ್ಸಾಯ್ತು, ಸಾಧು ಆದ್ರು ಅಂದ್ಕೊಂಡೆ. ಆಮೇಲೆ ಪರೀಕ್ಷೆ ಮಾಡಾಣ ಅಂತ ಬುತ್ತಿ ಬಾಯಿ ತೆಗೆದು ಇವರ ಸ್ಟೂಲಿನ ಕೆಳಗೇ ಇಟ್ಟೆ. ಎಲ್ಲೋ ಚೀಲ ಸುಡ್ತಾ ಇದೆ ನೋಡು ಅಂದ್ರು. ಮೀನು ಅನ್ಲಿಲ್ಲ! ಆವಾಗ ಗೊತ್ತಾಯ್ತು ನಂಗೆ.”

“ಆ ಮೀನಿಗೆ ನಾನು ಋಣಿ” ಎಂದು ಬೊಮ್ಮಯ್ಯ ಮುಖ ಸಪ್ಪಗೆ ಮಾಡಿಕೊಂಡೇ ಹೇಳುತ್ತಾರೆ.

ಅಂದೇ ತುಂಗಮ್ಮ ಸಾಹುಕಾರರ ಮುಂದೆ ನಿಂತು, “ಸಾಹೇಬ್ರೆ, ಬೀಜ ಸರಿ ಉಂಟು. ಬೊಮ್ಮಣ್ಣನ ಮೂಗು ಸರಿ ಇಲ್ಲ” ಎಂದರು. ಬೊಮ್ಮಯ್ಯ ಟವೆಲ್ಲನ್ನು ಮಡಿಸಿ ಸ್ಟೂಲಿನ ಮೇಲಿಟ್ಟು ಹೊರಡಲು ಎದ್ದರಂತೆ. ಉಮರ್ ಫಾರೂಕ್ ಆ ಟವೆಲ್ಲನ್ನು ಎತ್ತಿ ಮತ್ತೆ ಅವರ ಹೆಗಲಿಗೆ ಹಾಕಿದರು. “ಮೂಗು ತುಂಗಮ್ಮಂದು, ಕೈ ನಿಮ್ದು. ಆಗಲ್ವಾ?” ಮೊರ ತಟ್ಟುವ ಪದ್ಧತಿ ಶುರುವಾದದ್ದು ಹೀಗೆ.

ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಸಾಹೇಬರೇ. ಆ ಡಾಕ್ಟರು ಈಗಲೂ ಇದೇ ಪೇಟೆಯಲ್ಲಿದ್ದಾರೆ, ಹೆಸರು ಹಾಕುವುದು ಬೇಡ ಎನ್ನುತ್ತಾರೆ. ಅವರು ವಿವರಿಸುವುದು ಹೀಗೆ: “ನೆಗಡಿ ಅಂದ್ರೆ ಬರೀ ಮೂಗಿನ ಕಾಯಿಲೆ ಅಂದ್ಕೊಂಡಿರ್ತೀವಿ. ಆದರೆ ಮೂಗಿನ ಮಾಳಿಗೆಯಲ್ಲಿ ವಾಸನೆಯ ನರದ ಎಳೆಗಳು ಗಾಳಿಗೆ ತೆರೆದುಕೊಂಡೇ ಇರ್ತವೆ. ಅಲ್ಲಿಂದ ಮಿದುಳಿಗೆ ದಾರಿ ತುಂಬಾ ಹತ್ತಿರ. ನೆಗಡಿ, ಫ್ಲೂ ತರುವ ಕೆಲವು ವೈರಸ್‌ಗಳು ಆ ಜಾಗವನ್ನೇ ಹಾಳು ಮಾಡಬಹುದು. ಹೆಚ್ಚಿನವರಿಗೆ ಹಾಗಾಗಲ್ಲ. ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕೂ ಬರಲ್ಲ.” ಹಾಳಾದ ಎಳೆಗಳು ನಿಧಾನವಾಗಿ ಮತ್ತೆ ಬೆಳೆಯುತ್ತವೆ, ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ. ಬೆಳೆಯುವಾಗ ದಾರಿ ತಪ್ಪಿದರೆ ವಾಸನೆಗಳು ಅದಲು ಬದಲಾಗುತ್ತವೆ. ಅಪರೂಪಕ್ಕೆ ಫ್ಲೂ ಬಂದುಹೋದ ಮೇಲೆ ಕೈಕಾಲಿನ ನರಗಳು ಸೋತವರನ್ನೂ, ಜ್ವರ ಮಿದುಳಿಗೇ ತಾಗಿದ ಮಕ್ಕಳನ್ನೂ ತಾವು ಕಂಡಿರುವುದಾಗಿ ಹೇಳುವಾಗ ಡಾಕ್ಟರ ದನಿ ತಗ್ಗುತ್ತದೆ. “ಅದಕ್ಕೆ ಹೋಲಿಸಿದ್ರೆ ಇವರದು ಸಣ್ಣದು ಅಂತ ಜನ ಹೇಳ್ತಾರೆ. ಬೊಮ್ಮಯ್ಯನವರಿಗೆ ಹಾಗೆ ಹೇಳೋ ಧೈರ್ಯ ನನಗೆ ಬರಲಿಲ್ಲ.”

ಬೊಮ್ಮಯ್ಯ ಇದನ್ನೆಲ್ಲ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಾರೆ. “ಮಳೆಗೆ ಮರ ಬಿದ್ದು ಟೆಲಿಫೋನ್ ಲೈನ್ ಹರೀತದಲ್ಲ, ಹಾಗೆ. ಲೈನ್‌ಮನ್ ಬಂದು ಕತ್ತಲೇಲಿ ಜೋಡಿಸಿದಾನೆ. ನಮ್ಮನೆಗೆ ಫೋನ್ ಮಾಡಿದ್ರೆ ಪೋಸ್ಟಾಫೀಸಲ್ಲಿ ರಿಂಗ್ ಆಗ್ತದೆ.”

ಮಾತಿನಲ್ಲಿ ಹಗುರವಾದದ್ದು ಮನೆಯಲ್ಲಿ ಹಗುರವಾಗಿರಲಿಲ್ಲ. ಆ ವರ್ಷವಿಡೀ ಒಗ್ಗರಣೆ, ಈರುಳ್ಳಿ, ಸೋಪು ಎಲ್ಲವೂ ಅವರಿಗೆ ಸುಟ್ಟ ಗೋಣಿ. ತಣ್ಣಗಿನ ಮೊಸರನ್ನ ಬಿಟ್ಟು ಬೇರೇನೂ ಗಂಟಲಿಗೆ ಇಳಿಯುತ್ತಿರಲಿಲ್ಲ. ಹೆಂಡತಿ ಮುತ್ತಮ್ಮ ಹೆಚ್ಚು ಮಾತಾಡುವವರಲ್ಲ. ಕೇಳಿದ್ದಕ್ಕೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾ ಇಷ್ಟು ಹೇಳಿದರು: “ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ರೆ ಇವ್ರು ಜಗಲಿಗೆ ಹೋಗಿ ಕೂತ್ಕೊಳ್ಳೋರು. ಬಾಯಿಬಿಟ್ಟು ಎಂತದೂ ಹೇಳ್ಲಿಲ್ಲ. ನಾನೇ ಬಿಟ್ಟೆ. ಒಣಗಿದ ತಲೇಲೇ ತಮ್ಮನ ಮಗಳ ಮದುವೆಗೆ ಹೋಗಿ ಬಂದೆ.” ಆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಉಳಿಸಿದ ಮಾತುಗಳು ಇನ್ನೂ ಎಷ್ಟಿದ್ದವೋ. ಈಗ ಮುತ್ತಮ್ಮನ ತಲೆಯಲ್ಲಿ ಮತ್ತೆ ಎಣ್ಣೆಯ ಹೊಳಪಿದೆ. ಎಣ್ಣೆ, ಈರುಳ್ಳಿ ಈಚೆಗೆ ಸಹಿಸುವ ಮಟ್ಟಕ್ಕೆ ಬಂದಿವೆ. ಕಾಫಿ ಮಾತ್ರ ಬದಲಾಗಿಲ್ಲ.

ಇದಕ್ಕೆ ಮದ್ದಿಲ್ಲ, ಬೇಕಾದರೆ ದಿನಾ ಒಂದಿಷ್ಟು ವಾಸನೆಗಳನ್ನು ಮೂಸಿ ನೋಡಿ, ನಷ್ಟವೇನಿಲ್ಲ ಎಂದಿದ್ದರಂತೆ ಡಾಕ್ಟರು. ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ಡಬ್ಬಿಗಳಿವೆ: ಏಲಕ್ಕಿ, ಲವಂಗ, ಕಾಳುಮೆಣಸು, ನಿಂಬೆಸಿಪ್ಪೆ. ಒಲೆ ಹೊತ್ತಿಸುವ ಮುಂಚೆ ಬೊಮ್ಮಯ್ಯ ಒಂದೊಂದನ್ನೇ ತೆರೆದು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿಯುತ್ತಾರೆ. ಏಲಕ್ಕಿ ಮೊದಲು ಬಂತು, ಒಂದು ವರ್ಷದ ಮೇಲೆ. ನಿಂಬೆ ಇನ್ನೂ ಬಂದಿಲ್ಲ.

ಹಲಗೆ ತೂಗಿಹಾಕಿದ್ದು ತುಂಗಮ್ಮನ ಮೂಗನ್ನು ಕಾಯಲು. ಮಳೆಗಾಲದಲ್ಲಿ ಅವರಿಗೆ ಬೆಚ್ಚಗಿನ ಟೋಪಿ, ಗಂಟೆಗೊಮ್ಮೆ ಮೆಣಸಿನ ಕಷಾಯ. ಯಾರಾದರೂ ಸೀನಿದರೆ ಬೊಮ್ಮಯ್ಯ ಅವರಿಗೂ ತುಂಗಮ್ಮನಿಗೂ ನಡುವೆ ಟವೆಲ್ಲು ಬೀಸುತ್ತಾರೆ.

“ಹೆತ್ತಮ್ಮ ಕೂಡ ನನ್ನ ಹಿಂಗೆ ಸಾಕಿಲ್ಲ” ಎಂದು ತುಂಗಮ್ಮ ಅಣಕಿಸುತ್ತಾರೆ. “ಮೂಗು ನಂದು, ಹೆಸರು ಇವರ್ದು. ಪೇಪರಿನವ್ರು ಬಂದಿದ್ದೂ ಇವರ್ನ ನೋಡೋಕೇ.”

“ನಿನ್ನ ಹೆಸರೂ ಹಾಕಿಸ್ತೀನಿ ಸುಮ್ನಿರು ಮಾರಾಯ್ತಿ.”

“ಮೀನಿಂದೂ ಹಾಕ್ಸಿ.”

ಆದರೆ ಈ ಯುಗಾದಿ ಕಳೆದರೆ ತುಂಗಮ್ಮ ಇಲ್ಲಿರುವುದಿಲ್ಲ. ಕಳಸದಲ್ಲಿ ಮಗಳು ಬಾಣಂತಿ, ಅಲ್ಲೇ ಇದ್ದುಬಿಡು ಎಂದು ಅಳಿಯನೂ ಹೇಳಿದ್ದಾನೆ. ಸುದ್ದಿ ತಿಳಿದ ದಿನ ಬೊಮ್ಮಯ್ಯ ಒಳ್ಳೆಯದಾಯಿತು ಎಂದು ಹೇಳಿ, ಅಂದು ಸಂಜೆ ತಾವೇ ಸಾಹೇಬರ ಹತ್ತಿರ ಹೋಗಿ, ಹುರಿಯಲು ನನ್ನ ಬದಲು ಬೇರೆಯವರನ್ನು ನೋಡಿಕೊಳ್ಳಿ ಎಂದರು. ಯುಗಾದಿಯವರೆಗೆ ನೋಡೋಣ ಎಂದರು ಉಮರ್ ಫಾರೂಕ್.

ಅಂದಿನಿಂದ ಬೊಮ್ಮಯ್ಯ ಒಂದು ಕೆಲಸ ಹಿಡಿದಿದ್ದಾರೆ. ಕಾಫಿಯ ಘಮ ತಮಗೆ ಸುಟ್ಟ ಗೋಣಿಯಾಗಿಯೇ ಬರುವುದಾದರೆ, ಗೋಣಿಯನ್ನೇ ಕಲಿಯುವುದು. “ಮೊದಮೊದಲು ಎಲ್ಲಾ ಒಂದೇ ಗಬ್ಬು. ಗಮನ ಕೊಟ್ಟು ಮೂಸಿದ್ರೆ ಅದ್ರಲ್ಲೂ ಬೇರೆ ಬೇರೆ ಉಂಟು. ಚಟಚಟ ಅನ್ನುವಾಗ ಒದ್ದೆ ಗೋಣಿ ಸುಟ್ಟಂಗೆ. ಸದ್ದು ನಿಂತ ಮೇಲೆ ಒಣಗೋಣಿ. ಅದು ಸ್ವಲ್ಪ ತೆಳ್ಳಗಾಗ್ತದೆ ನೋಡಿ, ಆಗ ಇವಳು ಮೊರ ತಟ್ತಾಳೆ. ಆ ತೆಳ್ಳಗಿಂದು ಹಿಡೀಬೇಕು.” ಹಿಡಿದ ಕಾಫಿಯನ್ನು ಅವರು ಕುಡಿಯಲಾರರು. ನಾಲ್ಕು ವರ್ಷದಿಂದ ಅವರ ಲೋಟದಲ್ಲಿ ಇರುವುದು ಬಿಸಿನೀರು.

ಆಸೆ ಏನಾದರೂ ಉಂಟೇ ಎಂದರೆ ಒಲೆಯ ಸೌದೆ ಸರಿಸುತ್ತಾರೆ. “ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ವಸ್ತಾರೆ ಬಸ್ ಹತ್ತಿ ಕಿಟಕಿ ಪಕ್ಕ ಕೂತ್ಕೊಳ್ತೀನಿ. ಕಾಫಿ ಹೂವಿನ ವಾಸನೆ, ಒಂದು ಸಲ. ಈ ವರ್ಷವೂ ಮೂಗಿಗೆ ಬರ್ಲಿಲ್ಲ. ಮುಂದಿನ ವರ್ಷ ಮತ್ತೆ ಹೋಗ್ತೀನಿ.”

ಇವತ್ತಿನ ಎರಡನೇ ಡ್ರಮ್ಮಿಗೆ ತುಂಗಮ್ಮ ಮೊರವನ್ನು ಬೋರಲು ಹಾಕಿ ಅದರ ಮೇಲೆಯೇ ಕೂತುಬಿಟ್ಟಿದ್ದಾರೆ. “ಏಳು, ಮೊರ ಮುರೀತದೆ” ಎಂದು ಬೊಮ್ಮಯ್ಯ ಗದರುತ್ತಾರೆ. ಅವರು ಏಳುವುದಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಾರೆ.

ಬೀಜ ಸಿಡಿಯುತ್ತದೆ, ನಿಲ್ಲುತ್ತದೆ. ಮೌನ. ಬೊಮ್ಮಯ್ಯ ಡ್ರಮ್ಮಿನ ಮೇಲೆ ಬಾಗಿ ಉಸಿರು ಎಳೆದುಕೊಳ್ಳುತ್ತಾರೆ. ಮುಖ ಕಿವುಚುತ್ತಾರೆ. ಮತ್ತೆ ಎಳೆದುಕೊಳ್ಳುತ್ತಾರೆ. ಕೈ ಹಿಡಿಕೆಯ ಮೇಲೆ ಹೋಗಿ, ಹಿಂದೆ ಬಂದು, ಮತ್ತೆ ಹೋಗುತ್ತದೆ. ಡ್ರಮ್ಮಿನ ಬಾಯಿ ತೆರೆದುಕೊಂಡು ಬೀಜ ಜಾಲರಿಯ ಮೇಲೆ ಸುರಿಯುತ್ತದೆ, ಹೊಗೆ ಓಣಿಗೆ ನುಗ್ಗುತ್ತದೆ.

ತುಂಗಮ್ಮ ಎದ್ದು ಬರುತ್ತಾರೆ. ಒಂದು ಬೀಜ ಆರಿಸಿ, ಊದಿ, ಹಲ್ಲಿನಲ್ಲಿ ಕಚ್ಚುತ್ತಾರೆ. ನಿಧಾನವಾಗಿ ಅಗಿಯುತ್ತಾರೆ. ಬೊಮ್ಮಯ್ಯ ಅವರ ಬಾಯನ್ನೇ ನೋಡುತ್ತಿದ್ದಾರೆ.

“ಆ ಹಲಗೆ ಇನ್ನು ತೆಗೀಬಹುದು ಬೊಮ್ಮಣ್ಣ.”

ಬೊಮ್ಮಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಬಾಗಿಲಿಗೆ ಹೋಗಿ, ವಾಲಿದ್ದ ಹಲಗೆಯನ್ನು ನೆಟ್ಟಗೆ ಮಾಡಿ ಬರುತ್ತಾರೆ.

“ನೀನು ಬಸ್ ಹತ್ತೋ ತನಕ ಇರ್ಲಿ. ಬಾಣಂತಿ ಮನೆಗೆ ನೆಗಡಿ ತಗೊಂಡು ಹೋಗ್ತೀಯಾ?”