ತೊಟ್ಟಿಲ ಬಿಸಿಗೆ ನೆನಪು ಬರೆಯುವವರು

ಮಣಿಪಾಲದ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಗೆ ಉಡುಪಿಯ ತೆಂಗಿನ ತಲೆಗಳೆಲ್ಲ ಮಂಜಿನಲ್ಲಿ ಮುಳುಗಿವೆ. ಅದರಾಚೆ ಸಮುದ್ರವೋ ಆಕಾಶವೋ ಎಂದು ಹೇಳಲಾಗದ ಒಂದು ಬೂದು ಗೆರೆ. ಹಂಚಿನ ಮಾಡಿನ ಶೆಡ್ಡೊಂದರಲ್ಲಿ ಇಮೆಲ್ಡಾ ಪೆನ್ಸಿಲ್ ಹಿಡಿದು ಕುಳಿತಿದ್ದಾರೆ. ಪಕ್ಕದ ತಗಡಿನ ಡಬ್ಬಿಯ ಸಂದಿಯಿಂದ ನೇರಳೆ ಬೆಳಕು ಸೋರುತ್ತಿದೆ. ಒಳಗೆ, ನೆತ್ತಿಯಲ್ಲಿ ಪುಟ್ಟ ಗಾಜಿನ ಕಿಟಕಿಯಿರುವ ಚಿಪ್ ಒಂದು ಆ ಬೆಳಕಿಗೆ ತನಗೆ ಕಲಿಸಿದ್ದನ್ನೆಲ್ಲ ಮರೆಯುತ್ತ ಮಲಗಿದೆ. ಅದು ಪೂರ್ತಿ ಮರೆತ ಮೇಲೆ ಇಮೆಲ್ಡಾ ಹೊಸದಾಗಿ ಬರೆಯುತ್ತಾರೆ.

“ಬೆಳಿಗ್ಗೆ ವೋಲ್ಟೇಜ್ ಸರಿ ಇರ್ತದೆ. ಊರೆಲ್ಲ ಎದ್ದ ಮೇಲೆ ಕರೆಂಟು ಕುಣಿಯಲಿಕ್ಕೆ ಶುರು. ಆಗ ಬರೆದರೆ ಚಿಪ್ ತಪ್ಪು ಕಲಿಯುತ್ತದೆ,” ಎನ್ನುತ್ತಾರೆ. ಅದಕ್ಕೇ ಕೆಮ್ಮಣ್ಣಿನಿಂದ ಮೊದಲ ಬಸ್ಸು ಹಿಡಿಯುತ್ತಾರೆ.

ಇಮೆಲ್ಡಾರ ತಂದೆ ಜೋಕಿಮ್ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುವವರು. ಮಗಳು ಪಾಲಿಟೆಕ್ನಿಕ್ ಮುಗಿಸಿ ಈ ಶೆಡ್ಡಿಗೆ ಬಂದದ್ದು ತಂತಿ ಬೆಸೆಯುವ ಕೆಲಸಕ್ಕೆ. ಚಿಪ್‌ನ ಜೊತೆ ಬಂದ ಪುಸ್ತಿಕೆ ಓದುತ್ತ ಅಸೆಂಬ್ಲಿ ಭಾಷೆ ಕಲಿತರು. ಅದರಲ್ಲಿ ಇರುವುದೆಲ್ಲ ಸಣ್ಣ ಸಣ್ಣ ಅಪ್ಪಣೆಗಳು: ನೆನಪಿನ ಈ ಮನೆಯಲ್ಲಿರುವುದನ್ನು ತೆಗೆ, ಆ ಮನೆಯಲ್ಲಿಡು, ಮುಂದಿನ ಮನೆಗೆ ಹೋಗು. ಇಡೀ ಯಂತ್ರದ ಬುದ್ಧಿಗೆ ಸಿಗುವ ಜಾಗ ಟೈಪು ಮಾಡಿದ ಒಂದೆರಡು ಹಾಳೆಯಷ್ಟೇ. ದಿನಕ್ಕೆ ಇಪ್ಪತ್ತು ಸಾಲು ಸರಿಬಿದ್ದರೆ ಅವರ ಪಾಲಿಗೆ ಅದೇ ಹಬ್ಬ.

ಶೆಡ್ಡಿನ ಯಜಮಾನರು ಹಯಗ್ರೀವ ಆಚಾರ್ಯರು. ಮೊದಲು ಇಲ್ಲಿ ತಯಾರಾಗುತ್ತಿದ್ದದ್ದು ಗೇರುಬೀಜ ಒಣಗಿಸುವ ಕೋಣೆಯ ಬಿಸಿ ಅಳೆಯುವ ಯಂತ್ರ. ಎರಡು ವರ್ಷದ ಹಿಂದೆ, 1985ರಲ್ಲಿ, ಅದನ್ನೇ ತಿದ್ದಿ ದಿನ ತುಂಬದೆ ಹುಟ್ಟಿದ ಮಕ್ಕಳ ತೊಟ್ಟಿಲಿಗೆ ಜೋಡಿಸಿದರು. ಮೇಲೆ ಬಿಸಿ ದೀಪ, ಪಕ್ಕದಲ್ಲಿ ಕೆಂಪು ಅಂಕಿ. ಗುಂಡಿ ಒತ್ತಿದರೆ ಕಳೆದ ಕೆಲವು ಗಂಟೆಗಳ ಉಷ್ಣತೆಯನ್ನೂ ಒಂದೊಂದಾಗಿ ತೋರಿಸುತ್ತದೆ.

ಕಳೆದ ಮಳೆಗಾಲ ಕಾರ್ಕಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿಂದ ಫೋನು ಬಂತು. ಮಾತಾಡಿದ್ದು ದಾದಿ ವೇದಾವತಿ. “ನಿಮ್ಮ ಮೆಷಿನ್ ಸುಳ್ಳು ಹೇಳ್ತದೆ,” ಎಂದರು.

ಆದದ್ದಿಷ್ಟು. ಮಧ್ಯಾಹ್ನ ವೋಲ್ಟೇಜ್ ಇಳಿದು ದೀಪ ಮಂಕಾಗಿತ್ತು. ವೇದಾವತಿ ಇನ್ನೊಂದು ಹೆರಿಗೆಯಲ್ಲಿದ್ದರು. ವಾಪಸು ಬರುವಾಗ ದೀಪ ಮತ್ತೆ ಉರಿಯುತ್ತಿತ್ತು, ಅಂಕಿ ಸರಿ ಇತ್ತು. ಗುಂಡಿ ಒತ್ತಿದರೆ ಹಿಂದಿನ ಅಂಕಿಗಳೂ ಎಲ್ಲ ಸರಿ. “ಆದರೆ ಮಗುವಿನ ಪಾದ ಮುಟ್ಟಿದೆ, ತಣ್ಣಗೆ ಉಂಟು. ನಾನು ಮೆಷಿನ್ ಬಿಟ್ಟು ಪಾದವನ್ನು ನಂಬಿದೆ,” ಎಂದು ವೇದಾವತಿ ನೆನೆಯುತ್ತಾರೆ. ಮಗುವನ್ನು ಎತ್ತಿ ತಾಯಿಯ ಎದೆಗೊತ್ತಿ ಕಂಬಳಿ ಸುತ್ತಿದರು. ಸಂಜೆಯ ಹೊತ್ತಿಗೆ ಪಾದ ಬೆಚ್ಚಗಾಯಿತು.

ಮರುದಿನ ಇಮೆಲ್ಡಾ ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು ಹತ್ತಿದರು. ಖಾಲಿ ತೊಟ್ಟಿಲಿನ ದೀಪವನ್ನು ಬೇಕೆಂದೇ ಮಂಕು ಮಾಡಿ ನೋಡುತ್ತ ಕುಳಿತರು. ಪ್ರತಿ ಹೊಸ ಅಂಕಿ ಬರುವಾಗ ಹಳೆಯವು ಒಂದೊಂದು ಮನೆ ಹಿಂದೆ ಸರಿಯಬೇಕು. ಸರಿಯುತ್ತಿರಲಿಲ್ಲ. ಎಲ್ಲ ಮನೆಯಲ್ಲೂ ಒಂದೇ ಅಂಕಿ.

“ಬಸ್ಸಿನಲ್ಲಿ ಎಲ್ಲರೂ ಒಂದೊಂದು ಸೀಟು ಹಿಂದೆ ಹೋಗಬೇಕು ಅಂತ ಇಟ್ಟುಕೊಳ್ಳಿ. ಕಡೇ ಸೀಟಿನವರು ಮೊದಲು ಏಳಬೇಕು, ಅಲ್ವಾ? ಮುಂದಿನವ ಮೊದಲು ಹೋದರೆ ಹಿಂದಿನವನ ಮೇಲೆಯೇ ಕೂರುವುದು. ಚಿಪ್‌ನಲ್ಲಿ ಹಾಗೆ ಕೂತರೆ ಅಡಿಯಲ್ಲಿದ್ದವ ಅಳಿಸಿಯೇ ಹೋಗ್ತಾನೆ, ಕಡೆಗೆ ಎಲ್ಲ ಸೀಟಿನಲ್ಲೂ ಮುಂದಿನವನೇ,” ಎಂದು ನಗುತ್ತಾರೆ. ಗೇರುಬೀಜದ ಕಾಲದಿಂದಲೂ ಅಂಕಿ ಸರಿಸುವ ಆ ಸಾಲುಗಳು ಹಾಗೆಯೇ ಇದ್ದವು. ಅಲ್ಲಿ ಹಳೆಯ ಅಂಕಿ ಯಾರಿಗೂ ಬೇಕಿರಲಿಲ್ಲ.

ಆಚಾರ್ಯರಿಗೆ ಗಾಬರಿ. ಕಾಪುವಿನ ಒಂದು ಆಸ್ಪತ್ರೆಗೂ ಯಂತ್ರ ಹೋಗಿತ್ತು. “ಸದ್ಯಕ್ಕೆ ಆ ಗುಂಡಿಯನ್ನೇ ತೆಗೆದುಬಿಡುವ, ಇಮೆಲ್ಡಾ,” ಎಂದರು.

“ಬೇಡ ಸರ್. ದೀಪ ಮಂಕಾಗಿತ್ತು ಅಂತ ಆ ಮಗು ಹೇಳಲಿಕ್ಕುಂಟಾ? ಮೆಷಿನ್ನೇ ಹೇಳಬೇಕು.”

ಆಚಾರ್ಯರು ಗುಂಡಿಯನ್ನು ಉಳಿಸಿದರು. ಯಂತ್ರಗಳನ್ನು ವಾಪಸು ತರಿಸಿದರು. ಇಮೆಲ್ಡಾ ಕೊನೆಯ ಮನೆಯಿಂದ ಶುರುವಾಗುವಂತೆ ಆ ಸಾಲುಗಳನ್ನು ಬರೆದು, ಪ್ರತಿ ಯಂತ್ರದ ಮುಂದೆಯೂ ಕುಳಿತು, ದೀಪ ಇಳಿಸಿ ಏರಿಸಿ ನೋಡಿದರು. ಯಾರೂ ಕೇಳದಿದ್ದರೂ ಗೇರುಬೀಜದ ಕಾರ್ಖಾನೆಗಳಿಗೂ ಹೋಗಿ ಚಿಪ್ ಬದಲಿಸಿ ಬಂದರು. “ಅಲ್ಲಿಯೂ ನಮ್ಮದೇ ಕೆಲಸ ತಾನೇ?”

ಮಂಜು ಕರಗುತ್ತಿದೆ. ದೂರದ ಬೂದು ಗೆರೆ ಈಗ ಸಮುದ್ರವೇ ಎಂದು ಗೊತ್ತಾಗುತ್ತದೆ. ಇಮೆಲ್ಡಾ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ಆಸ್ಪತ್ರೆಯವರು ಕರೆಯುವುದು ಎಂತಾದರೂ ಹಾಳಾದಾಗ ಮಾತ್ರ,” ಎನ್ನುತ್ತಾರೆ ಮೆಲ್ಲಗೆ. “ಎಲ್ಲ ಸರಿ ಇರುವಾಗ ಒಮ್ಮೆ ಹೋಗಬೇಕು. ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗುವುದಿಲ್ಲ. ಮೂಲೆಯಲ್ಲಿ ಒಂದು ಸ್ಟೂಲು ಹಾಕಿ ಕೂತು, ಆ ಮಕ್ಕಳು ನಿದ್ದೆ ಮಾಡುವುದನ್ನು ನೋಡಬೇಕು.”