ಸೌತೆಕಾಯಿಗಳ ಸಾಲಿನಲ್ಲಿ ತೂಗಿದ ಅಡೇನಿಯಂ

ನನ್ನ ಅಡೇನಿಯಂ ಗಿಡ ನೋಡಿದವರೆಲ್ಲ ಮೊದಲು ನಗುತ್ತಾರೆ. ಮೇಲೆ ಕಡ್ಡಿಯಂಥ ಕೊಂಬೆಗಳು, ಕೆಳಗೆ ಮಣ್ಣಿನಿಂದ ಅರ್ಧ ಎದ್ದು ಕೂತ ಬೂದುಬಣ್ಣದ ದೊಡ್ಡ ಹೊಟ್ಟೆ. ಮರುಭೂಮಿಯ ಗಿಡವಲ್ಲವೇ, ನೀರನ್ನೆಲ್ಲ ಆ ಹೊಟ್ಟೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಕಾನ್ವೆಂಟಿನಲ್ಲಿ ಬಾಟನಿ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಸಕ್ಯುಲೆಂಟ್ ಎಂದು ಬರೆದಾಗ ಅದು ಯಾವುದೋ ಪುಡ್ಡಿಂಗಿನ ಹೆಸರೆಂದುಕೊಂಡಿದ್ದೆ. ಅಂಥದ್ದೊಂದನ್ನು ಕಣ್ಣಾರೆ ಕಂಡದ್ದು ಅರವತ್ತು ದಾಟಿದ ಮೇಲೆ, ಊರು ಬಿಟ್ಟು ಬಂದು ನೆಲೆಸಿದ ಈ ನೆರೂಳದ ಬಾಲ್ಕನಿಯಲ್ಲಿ.

ಬೀಜ ಹಾಕಿ ಬೆಳೆಸಿದ್ದು. ವರ್ಷಗಳು ಉರುಳಿದವು, ಹೊಟ್ಟೆ ಬೆಳೆಯಿತು, ಹೂ ಮಾತ್ರ ಇಲ್ಲ. ಎಷ್ಟು ಟ್ಯೂಷನ್ ಕೊಟ್ಟರೂ ಪಾಸಾಗದ ಸ್ಟೂಡೆಂಟ್ ಎಂದು ನನ್ನ ಗಂಡ ಹಾಸ್ಯ ಮಾಡುತ್ತಿದ್ದರು. ಒಮ್ಮೆ, ಜಸ್ಟ್ ಒನ್ಸ್, ಅದು ಹೂ ಬಿಟ್ಟದ್ದು ನೋಡಬೇಕೆಂಬುದು ನನ್ನ ಆಸೆ. ಹೋದ ವರ್ಷ ಬೇಸಿಗೆಯ ಕೊನೆಗೆ ತುದಿಯಲ್ಲಿ ಮೊಗ್ಗು ಕಂಡಾಗ ಯಾರಿಗೂ ಹೇಳಲಿಲ್ಲ. ದೃಷ್ಟಿಯಾದರೆ?

ಅದೇ ಸಮಯಕ್ಕೆ ನನ್ನ ಗಂಡನ ಅಕ್ಕ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದರು. ಕಲ್ಯಾಣದಲ್ಲಿ ಅವರ ಮನೆ ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅತ್ತಿಗೆಯ ಜೊತೆಗೆ ಊರಿನಿಂದ ತರಿಸಿದ ಒಂದು ಚೀಲ ಮಂಗಳೂರು ಸೌತೆಯೂ ಬಂತು. ಮಳೆಗಾಲ ಮುಗಿಯುವವರೆಗೆ ಕೊಳೆಯದಂತೆ ಒಂದೊಂದಕ್ಕೂ ಹುರಿ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ, ನಮ್ಮ ಅಡುಗೆಮನೆಯ ಪರದೆ ರಾಡಿಗೆ ತೂಗಿಸಿದರು. ಮಾಡ್ಯುಲರ್ ಕಿಚನ್ ಹೋಗಿ ಉಡುಪಿಯ ಅಟ್ಟವಾಯಿತು.

ಮಳೆ ಬಂದ ಮೇಲೆ ಅಡೇನಿಯಮ್ಮಿಗೆ ಯಾರೂ ನೀರು ಹಾಕಕೂಡದು ಎಂದು ಹೇಳಿದ್ದೆ. ಆದರೆ ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವುದು ಅತ್ತಿಗೆಯ ಮಟ್ಟಿಗೆ ಪಾಪ. ತುಳಸಿಗೆ ಹಾಕಿ ಉಳಿದದ್ದನ್ನು ದಿನಾ ಇದಕ್ಕೂ ಸುರಿದರು. ಮೊಗ್ಗು ಉದುರಿತು. ಎಲೆ ಹಳದಿಯಾಯಿತು. ಒಂದು ಬೆಳಿಗ್ಗೆ ಹೊಟ್ಟೆ ಒತ್ತಿ ನೋಡಿದರೆ ಹೆಬ್ಬೆರಳು ಹಣ್ಣಾದ ಬಾಳೆಗೆ ಇಳಿದಂತೆ ಒಳಗಿಳಿಯಿತು.

“ಹೊಟ್ಟೆ ಇಷ್ಟು ದೊಡ್ಡದು ಉಂಟು, ನೀನು ಕುಡಿಯಲಿಕ್ಕೆ ಒಂದು ಹನಿ ಕೊಡುವುದಿಲ್ಲ” ಎಂದರು ಅತ್ತಿಗೆ. “ನನಗೆ ಕಂಡು ಸಂಕಟ ಆಯ್ತು ಮಾರಾಯ್ತಿ.”

ಇನ್ನೊಂದನ್ನು ನರ್ಸರಿಯಿಂದ, ಹೂ ಇದ್ದದ್ದನ್ನೇ ತರೋಣ, ಲೆಟ್ ಇಟ್ ಗೋ ಎಂದು ಗಂಡ ಸಮಾಧಾನ ಮಾಡಿದರು. ಲೆಟ್ ಇಟ್ ಗೋ ಅಂತೆ!

ಕೈಗೆ ಗ್ಲೌಸ್ ಹಾಕಿ, ಏಕೆಂದರೆ ಅದರ ಹಾಲು ವಿಷ, ಗಿಡವನ್ನು ಕುಂಡದಿಂದ ಕಿತ್ತು, ಹಳೆಯ ಚಾಕುವಿನಿಂದ ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಕೆತ್ತಿದೆ. ಹೊಟ್ಟೆಯಲ್ಲಿ ಕಾಲುಭಾಗ ಹೋಯಿತು. ಗಾಯಕ್ಕೆ ಅರಿಸಿನ ಮೆತ್ತಿದೆ. ಇನ್ನು ಅದು ಒಣಗಬೇಕು. ಆದರೆ ಬೆಂಕಿಪೆಟ್ಟಿಗೆಯೂ ಮೆತ್ತಗಾಗುವ ಈ ಊರಿನ ಮಳೆಯಲ್ಲಿ ಎಲ್ಲಿ? ನೆಲಕ್ಕಿಟ್ಟರೆ ತೇವ, ಕಪಾಟಿನಲ್ಲಿಟ್ಟರೆ ಬೂಷ್ಟು. ಕೈಯಲ್ಲಿ ಹಿಡಿದುಕೊಂಡೇ ತಲೆ ಎತ್ತಿದೆ. ಸೌತೆಕಾಯಿಗಳು ಫ್ಯಾನಿನ ಗಾಳಿಗೆ ಸಣ್ಣಗೆ ಆಡುತ್ತಿದ್ದವು. ಒಂದೂ ಕೊಳೆತಿರಲಿಲ್ಲ.

ಒಂದು ಸೌತೆಯನ್ನು ಇಳಿಸಿ ಆ ಹುರಿಗೇ ಗಿಡವನ್ನು ಕಟ್ಟಿದೆ, ಬೇರು ಮೇಲೆ, ತಲೆ ಕೆಳಗೆ.

ಊಟಕ್ಕೆ ಕೂತಾಗ ಅತ್ತಿಗೆ ಅದನ್ನೇ ನೋಡಿದರು. “ಇದರ ಹುಳಿ ಯಾವತ್ತು ಮಾಡುವುದು?”

“ನೀವು ಹೇಳಿದ ದಿನ ಮಾಡುವ, ಅತ್ತಿಗೆ. ನಿಮಗೆ ಮೊದಲು ಬಡಿಸುತ್ತೇನೆ.”

ಗಂಡ ನೀರು ಕುಡಿಯುತ್ತಿದ್ದವರು ಕೆಮ್ಮಿದರು.

ಮಳೆಗಾಲವಿಡೀ ಸೌತೆಗಳು ಒಂದೊಂದಾಗಿ ಹುಳಿಗೆ ಇಳಿದವು, ನನ್ನ ಗಿಡ ಮಾತ್ರ ಮುದುಕಿಯ ಕೆನ್ನೆಯಂತೆ ಸುಕ್ಕಾಗುತ್ತ ತೂಗಿತು. ಸುಕ್ಕು ಇರಲಿ, ಅದು ನನಗೂ ಇದೆ. ಆಗಾಗ ಉಗುರಿನಿಂದ ಸಿಪ್ಪೆ ಚೂರು ಗೀರಿ ನೋಡುತ್ತಿದ್ದೆ. ಒಳಗೆ ಹಸಿರು. ನವರಾತ್ರಿಯ ಹೊತ್ತಿಗೆ ಕಾಲು ನೆಟ್ಟಗಾಗಿ ಅತ್ತಿಗೆ ಕಲ್ಯಾಣಕ್ಕೆ ಹೊರಟರು. ನಾನು ಪಕ್ಕದಲ್ಲಿ ಕೆಡವುತ್ತಿದ್ದ ಬಿಲ್ಡಿಂಗಿನ ಇಟ್ಟಿಗೆ ಚೂರು, ದಪ್ಪ ಮರಳು ಸೇರಿಸಿ ಗಿಡವನ್ನು ನೆಟ್ಟೆ. ಕೆತ್ತಿದ ಕಡೆ ಮರದಂತೆ ಗಟ್ಟಿಯಾಗಿತ್ತು. ಮೊದಲ ಚಿಗುರು ಬಂದ ದಿನ ಅತ್ತಿಗೆಗೆ ಫೋನು ಮಾಡಬೇಕೆನಿಸಿತು, ತಡೆದುಕೊಂಡೆ.

ಚಳಿ ಮುಗಿಯುತ್ತಿದ್ದಂತೆ ಹೂ ಬಂತು. ಒಂದಲ್ಲ, ತುದಿ ತುದಿಗೆ ಗೊಂಚಲು, ಅಂಚು ಕಡುಗೆಂಪು, ಒಳಗೆ ಬಿಳಿ. ಆಗ ಫೋನು ಮಾಡಿದೆ. ಅತ್ತಿಗೆ ಟ್ರೇನು ಬದಲಿಸಿ, ಕೋಲೂ ಇಲ್ಲದೆ, ಮರುದಿನವೇ ಬಂದರು. ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತರು.

“ಒಂದು ಹೂ ದೇವರಿಗೆ ಕೊಡು” ಎಂದರು.

“ಕೀಳುವುದಿಲ್ಲ. ಬೇಕಾದರೆ ದೇವರೇ ಬಂದು ನೋಡಲಿ.”

ಅವರು ಮುಖ ದಪ್ಪ ಮಾಡಿಕೊಂಡು ಒಳಗೆ ಹೋದರು. ಸಿಟ್ಟಾಯಿತೇನೋ ಎಂದುಕೊಂಡೆ. ತಿರುಗಿ ಬಂದಾಗ ಅವರ ಅಂಗೈಯಲ್ಲಿ ನಮ್ಮ ದೇವರ ಕೋಣೆಯ ಪುಟ್ಟ ಕೃಷ್ಣ. ಅವನನ್ನು ಕುಂಡದ ಎದುರು, ಹೂವಿಗೆ ಮುಖ ಮಾಡಿ ಕೂರಿಸಿದರು.

ಕೃಷ್ಣ ಆ ದಿನ ಬಿಸಿಲು ಏರುವವರೆಗೂ ಅಲ್ಲೇ ಇದ್ದ.